ಬೆಲ್ಟಿನ ಮೇಲಿನ ಕೆಂಪು ಚುಕ್ಕೆ

"ಆ ಬೋಲ್ಟು ಹಾಗೆಲ್ಲ ಬಗ್ಗಲ್ಲ, ಟೀಚರಮ್ಮಾ..."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ನೆಲಕ್ಕೆ ಬಿತ್ತು. ಆ ದನಿ! ಇಷ್ಟು ವರ್ಷವಾದರೂ ಎದೆ ಅದನ್ನು ಮರೆತಿರಲಿಲ್ಲ.

ಗೇಟಿನಲ್ಲಿ ಅವನೇ ನಿಂತಿದ್ದ. ಎದುರುಮನೆಯಲ್ಲಿ ಬೆಳೆದ ಮೆಕ್ಯಾನಿಕ್.

"ನಿನ್ನನ್ನ ಯಾರು ಕರೆದ್ರು?"

"ನಿಮ್ಮಮ್ಮ. ನಾನು ಊರಿಗೇ ವಾಪಸ್ ಬಂದಿರೋದು ಅವರಿಗೆ ಗೊತ್ತಾಗಿದೆ. ಮಗಳು ಬೆಳಗ್ಗೆಯಿಂದ ಕಾರಿನ ಜೊತೆ ಕುಸ್ತಿಗೆ ಬಿದ್ದಿದಾಳೆ, ಬಂದು ಬಿಡಿಸಪ್ಪ ಅಂದ್ರು."

ಅಡುಗೆಮನೆಯ ಕಿಟಕಿಯಲ್ಲಿ ಅಮ್ಮನ ತಲೆ ಥಟ್ಟನೆ ಮರೆಯಾಯಿತು.

ಅಪ್ಪನ ಈ ಪುಟ್ಟ ಕಾರಿಗೆ ಹಿಂದಿನ ಸಲ ಟೈಮಿಂಗ್ ಬೆಲ್ಟ್ ಹಾಕಿದ್ದೂ ಇದೇ ಅಂಗಳದಲ್ಲಿ. ಎಂಜಿನ್ನಿನ ಚಕ್ರಗಳು ಹೆಜ್ಜೆ ತಪ್ಪದಂತೆ ಹಿಡಿದಿಡುವ ಹಲ್ಲಿನ ರಬ್ಬರ್ ಪಟ್ಟಿ ಅದು. ಆಗ ಅಪ್ಪ ಇದ್ದರು, ಟಾರ್ಚ್ ಹಿಡಿದು ನಿಂತಿದ್ದರು. ಬೆಲ್ಟಿಗೆ ಗುರುತು ಹಾಕಲು ಬಣ್ಣ ಸಿಗದೆ ಅವನು ಅವಳ ಕೆಂಪು ನೇಲ್ ಪಾಲಿಶ್ ಕೇಳಿದ್ದ. ಕೊಡುವಾಗ ಬೆರಳಿಗೆ ಬೆರಳು ತಾಕಿ, ಇಬ್ಬರೂ ಕಾರನ್ನೇ ನೋಡುತ್ತ ನಿಂತಿದ್ದರು. ಅಯ್ಯೋ, ಎಂಥ ದಿನಗಳು ಅವು!

ಮರುದಿನ ಅವನು ಕೆಲಸಕ್ಕೆಂದು ದೂರದೂರಿಗೆ ಹೊರಡುವವನಿದ್ದ. ಹೇಳಿದ್ದು ಒಂದೇ ಮಾತು.

"ಮುಂದಿನ ಬೆಲ್ಟಿಗೆ ನಾನೇ ಬರ್ತೀನಿ. ಬೇರೆ ಯಾರ ಕೈಗೂ ಕೊಡಬೇಡ."

ಬೆಲ್ಟು ಹಳೆಯದಾಗಲು ವರ್ಷಗಟ್ಟಲೆ ಬೇಕು. ನಯವಾಗಿ ಜಾರಿಕೊಂಡ ಎಂದೇ ಅವಳು ತಿಳಿದಳು. ಇವತ್ತು ತಾನೇ ಹೊಸ ಬೆಲ್ಟು ಹಾಕಿ ಅವನ ಋಣ ಹರಿದುಕೊಳ್ಳಬೇಕು, ದೊಡ್ಡಪ್ಪ ತಂದ ಸಂಬಂಧಕ್ಕೆ ಹೂಂ ಅನ್ನಬೇಕು ಎಂದು ಹಟ ತೊಟ್ಟಿದ್ದಳು.

ಅವನು ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಮೈಭಾರ ಬಿಟ್ಟ. ಟಕ್! ಬೋಲ್ಟು ಸಡಿಲಾಯಿತು. ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟ.

ಬೆಲ್ಟಿನ ಮೇಲೆ ಮಾಸಿದ ಕೆಂಪು ಚುಕ್ಕೆ.

"ಇದು... ನಾನು ಹಾಕಿದ ಬೆಲ್ಟೇ!"

"ಮತ್ತಿನ್ಯಾರು ಹಾಕಿದ್ದು?"

"ಒಂದ್ಸಲ ರಜೆಗೆ ಬಂದಿದ್ದೆ. ನಿಮ್ಮ ಕಾರು ಮೂಲೆ ಗ್ಯಾರೇಜಲ್ಲಿ ಬಾನೆಟ್ ಎತ್ಕೊಂಡು ನಿಂತಿತ್ತು. ಬೆಲ್ಟ್ ಬೇರೆಯವರ ಹತ್ರ ಹಾಕಿಸಿದಾಳೆ, ನಾನು ಬೇಡವಾದೆ ಅಂದ್ಕೊಂಡು... ಗೇಟಿನ ತನಕ ಬಂದವನು ಹಾಗೇ ಹೋದೆ."

"ಅದು ರೇಡಿಯೇಟರ್ ಸೋರ್ತಿತ್ತು ಅಂತ ಬಿಟ್ಟಿದ್ದು ಕಣೋ, ದಡ್ಡ!" ಅವಳ ಕಣ್ಣು ತುಂಬಿ ಬಂತು. "ಮನಸ್ಸಲ್ಲಿ ಇದ್ದಿದ್ದನ್ನ ಅವತ್ತೇ ನೇರವಾಗಿ ಹೇಳೋಕೇನಾಗಿತ್ತು? ಬೆಲ್ಟಂತೆ ಬೆಲ್ಟು!"

"ನಿಮ್ಮಪ್ಪ ಟಾರ್ಚನ್ನ ನನ್ನ ಮುಖಕ್ಕೇ ಹಿಡಿದಿದ್ರು. ಇನ್ನೇನು ಹೇಳಲಿ?"

ಅಳುತ್ತಲೇ ಅವಳಿಗೆ ನಗು ಬಂತು.

"ಈಗ ಹೇಳ್ತೀನಿ," ಎಂದ ಅವನು, ಮಸಿ ಕೈಯನ್ನು ಬಟ್ಟೆಗೆ ಒರೆಸುತ್ತ. "ನನಗೆ ನೀನೇ ಬೇಕು. ಅವತ್ತೂ, ಇವತ್ತೂ."

ಅವಳು ಒಳಗೆ ಹೋಗಿ ಕೆಂಪು ನೇಲ್ ಪಾಲಿಶ್ ತಂದು ಅವನ ಅಂಗೈಯಲ್ಲಿಟ್ಟಳು. ಅಪ್ಪ ನಿಂತಿದ್ದ ಜಾಗದಲ್ಲೇ ನಿಂತು ಟಾರ್ಚ್ ಹಿಡಿದಳು. ಅವನು ಗುರುತು ಹಾಕಿ ಹೊಸ ಬೆಲ್ಟು ಕೂರಿಸಿದ. ಕೈಯಿಂದಲೇ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಚಕ್ರದ ಗುರುತುಗಳು ಸರಿಯಾಗಿ ಕೂಡಿದವೇ ಎಂದು ನೋಡಿದ. ಕೂಡಿದ್ದವು. ಅವಳು ಕೀ ತಿರುಗಿಸಿದಳು. ಕಾರು ಹಳೆಯ ದನಿಯಲ್ಲೇ ಗುನುಗಿತು.

"ಮುಂದಿನ ಬೆಲ್ಟಿಗೂ ನನ್ನನ್ನೇ ಕರೀತೀಯಾ?"

"ಇಲ್ಲ. ಕರೆಯಲ್ಲ."

ಅವನ ಮುಖ ಬಾಡಿತು.

ಅವಳು ಅವನ ಕೆನ್ನೆಯ ಮಸಿಯನ್ನು ಸೆರಗಿನಿಂದ ಒರೆಸಿದಳು.

"ಮನೇಲೇ ಇರೋರನ್ನ ಯಾರಾದ್ರೂ ಕರೀತಾರೇನೋ?"