ಕಾಲುಮಣೆಯ ಕೆಂಪು

2023ರ ಆಗಸ್ಟ್ 12, ಶನಿವಾರ ಬೆಳಿಗ್ಗೆ ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನ ಹಳೇ ಸಾಮಾನಿನ ವ್ಯಾಪಾರಿ ವೀಲರ್ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ಸಂಜೆ ಅವನ ಅಂಗಡಿಯಿಂದ ಕಾಲುಮಣೆಯೊಂದು ಕಳವಾಗಿತ್ತು. ಕಾಲಿಡುವ ಮಣೆಗೂ ಎಫ್‌ಐಆರಾ ಎಂದು ನಗಬೇಡಿ, ಅದು ಇನ್ನೂರು ವರ್ಷ ಹಳೆಯ ಇಂಗ್ಲಿಷ್ ಮಾಲು. ಮೈಸೂರು ಮೂಲದ ಡಿಟೆಕ್ಟಿವ್ ಮೈಥಿಲಿ ಸ್ಥಳ ಪಂಚನಾಮೆಗೆ ಹೊರಟಳು.

ಬೀಗ, ಬಾಗಿಲು ಎಲ್ಲ ನೆಟ್ಟಗಿದ್ದವು. ನೆಟ್ಟಗಿಲ್ಲದವನು ವೀಲರ್ ಒಬ್ಬನೇ. ನಿಂತಲ್ಲಿ ನಿಲ್ಲಲಾರದೆ ಅಂಗಡಿ ತುಂಬ ಓಡಾಡುತ್ತ ಫೋಟೋ ತೋರಿಸಿದ.

"ಈ ಕತ್ತರಿಗಾಲು ನೋಡಿ. ರೋಮಿನ ಅಧಿಕಾರಿಗಳು ಕೂರುತ್ತಿದ್ದ ಮಡಿಸುವ ಪೀಠದ ನಕಲು. ಹೂತುಹೋಗಿದ್ದ ಪಾಂಪೇ ನಗರ ಅಗೆದು ತೆಗೆದ ಮೇಲೆ ಇಂಗ್ಲಿಷರಿಗೆ ಈ ಹುಚ್ಚು ಹಿಡಿಯಿತು. ಮೇಲೆ ಪಾಂಪೇ ಗೋಡೆಗಳದೇ ಕೆಂಪು, ಹಳದಿ! ಸೋಮವಾರ ಆ ಬಣ್ಣ ಕೆರೆದು ಲ್ಯಾಬಿಗೆ ಕಳಿಸುವವನಿದ್ದೆ."

ಮೈಥಿಲಿ ಫೋಟೋ ದೊಡ್ಡದು ಮಾಡಿದಳು. ಎರಡು ಕಡೆ ಹಳದಿ, ಅದರ ಮೇಲೆ ಕೆಂಪು. ಅದು ಬಣ್ಣವಲ್ಲ ಅನಿಸಿತು ಅವಳಿಗೆ.

"ಎಲ್ಲಿ ಕೊಂಡಿರಿ?"

"ಹಿಂದಿನ ಬೀದಿಯ ಪ್ರಶಾಂತ್ ಮನೆಯವರು ಹಳೇ ಸಾಮಾನು ಮಾರಿದ ಗರಾಜ್ ಸೇಲ್‌ನಲ್ಲಿ."

"ಕೆರೆಯುವ ವಿಷಯ ಯಾರಿಗೆ ಹೇಳಿದಿರಿ?"

"ದಿನಾ ನಡೆದು ಬಂದು ಅದನ್ನೇ ನೋಡುತ್ತಿದ್ದ ಒಬ್ಬ ಅಜ್ಜಿಗೆ. ನಿನ್ನೆ."

ಮೈಥಿಲಿ ಹಿಂದಿನ ಬೀದಿಯ ಮನೆಯ ಬೆಲ್ ಒತ್ತಿದಾಗ ಪ್ರಶಾಂತ್ ಬಾಗಿಲು ತೆಗೆದ. ಸೋಫಾದಲ್ಲಿ ಅವನ ತಾಯಿ ರಾಜಲಕ್ಷ್ಮಿ ಕುಳಿತಿದ್ದರು.

"ಆಂಟಿ, ಮಣೆ ಎಲ್ಲಿದೆ?"

"ನನ್ ರೂಮಲ್ಲಿದೆ ಕಣಮ್ಮ."

ಪ್ರಶಾಂತ್ ತಾಯಿಯತ್ತ ತಿರುಗಿದ. "ಅಮ್ಮಾ! ನಿನ್ನ ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀನಿ, ಈಗ ಕೇಸ್ ಆದ್ರೆ? ಹೇಳಿದ್ರೆ ನಾನೇ ವಾಪಸ್ ತರ್ತಿರ್ಲಿಲ್ವಾ?"

"ಏನಂತ ಹೇಳ್ಲಿ? ನಿಂಗೆ ಅದು ಹಳೇ ಸ್ಟೂಲು."

"ಅದು ಅರಿಶಿನ ಕುಂಕುಮ ಅಲ್ವಾ ಆಂಟಿ?" ಮೈಥಿಲಿ ಕೇಳಿದಳು.

"ಹೂಂ. ಭೀಮನ ಅಮಾವಾಸ್ಯೆದು. ಆತ ಕೆರೀತೀನಿ ಅಂದ. ತಡ್ಕೊಳೋಕಾಗ್ಲಿಲ್ಲ, ಸೆರಗಲ್ಲಿ ಸುತ್ಕೊಂಡು ಬಂದ್ಬಿಟ್ಟೆ."

ಮಣೆ ಜಪ್ತಿಯಾಯಿತು, ರಾಜಲಕ್ಷ್ಮಿಯ ಬಂಧನವೂ ಆಯಿತು. ಕೋಳ ತೊಡಿಸಲು ಮೈಥಿಲಿಗೆ ಮನಸ್ಸು ಬರಲಿಲ್ಲ. ಗ್ರೀನ್ ಕಾರ್ಡ್ ಏನಾಗುವುದೋ ಅವಳಿಗೂ ಗೊತ್ತಿರಲಿಲ್ಲ, ಆ ಸಂಕಟ ದಾರಿಯುದ್ದಕ್ಕೂ ಕಾಡಿತು.

ಠಾಣೆಯಲ್ಲಿ ರಾಜಲಕ್ಷ್ಮಿ ಹೇಳಿಕೆ ಕೊಟ್ಟರು. ಪತಿ ಕೇಶವಮೂರ್ತಿ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮದುವೆಯಾದಂದಿನಿಂದ ಪ್ರತಿ ಭೀಮನ ಅಮಾವಾಸ್ಯೆಗೂ ಪಾದಪೂಜೆಗೆ ಇವರು ಬಗ್ಗಿದರೆ, "ನಾನೇನು ದೇವರಾ?" ಎಂದು ನಕ್ಕು ಅವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರಂತೆ. ಕೊನೆಯ ವರ್ಷ ಊದಿದ ಪಾದಗಳು ಆ ಮಣೆಯ ಮೇಲಿದ್ದವು.

"ಆ ಸಲ ಮಾತ್ರ ಎಳ್ಕೊಳ್ಲಿಲ್ಲಮ್ಮ," ಎಂದರು ರಾಜಲಕ್ಷ್ಮಿ. "ಸುಮ್ನೆ ಕೂತಿದ್ರು."