ಚಿಕ್ಕಮ್ಮನ ಜೇಬಿನ ವಿಡಿಯೋ

“ಚಿಕ್ಕಮ್ಮ, ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳಿಸುತ್ತೆ?” ಎಂದಳು ಜಾಣಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ವಿಡಿಯೋದಲ್ಲಿ ಹೊಲಿಗೆ ಯಂತ್ರದ ಕಟಕಟ ಬಿಟ್ಟರೆ ಇನ್ನೇನೂ ಕೇಳಿಸುತ್ತಿರಲಿಲ್ಲ. ಚಿಕ್ಕಮ್ಮನ ತುಟಿ ಮಾತ್ರ ತೊಟ್ಟಿಯ ಮೀನಿನ ಹಾಗೆ ಆಡುತ್ತಿತ್ತು.

ಅಂಗಿಗೆ ಜೇಬು ಹೊಲಿಯುವುದು ಹೇಗೆಂದು ಚಿಕ್ಕಮ್ಮ ಮಾತಾಡುತ್ತಾ ತೋರಿಸಬೇಕಿತ್ತು. ಸಂಜೆಯೊಳಗೆ ವಿಡಿಯೋ ಕಳಿಸಿದರೆ ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸ ಸಿಗಬಹುದಿತ್ತು. ರೆಕಾರ್ಡಿಂಗ್ ತನ್ನದೇ ಜವಾಬ್ದಾರಿ ಎಂದು ಜಾಣಿ ಹಟ ಹಿಡಿದಿದ್ದಳು. ಐದನೇ ಕ್ಲಾಸಿನಲ್ಲಿ ಅವಳಷ್ಟು ಕಂಪ್ಯೂಟರ್ ಗೊತ್ತಿರುವವರು ಇನ್ನೊಬ್ಬರಿಲ್ಲ. ಹಾಗೆಂದು ಅವಳೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು; ಮನೆಯವರು ‘ಜಾಣಿ’ ಎಂದು ಅಡ್ಡಹೆಸರು ಇಟ್ಟದ್ದೂ ಅದಕ್ಕೇ. ಸೂಜಿಯೂ ಚಿಕ್ಕಮ್ಮನ ಮುಖವೂ ಕಾಣುವಂತೆ ಯಂತ್ರದ ಹತ್ತಿರಕ್ಕೆ ಕ್ಯಾಮೆರಾ ನಿಲ್ಲಿಸಿದ್ದಳು. ಚಿಕ್ಕಮ್ಮನ ಕೊರಳ ಬಳಿ ಪುಟ್ಟ ಮೈಕ್ ಸಿಕ್ಕಿಸಿದ್ದಳು.

ಚಿಕ್ಕಮ್ಮ ಜೇಬು ಬಿಚ್ಚಿ ಇನ್ನೊಂದು ಸಲ ಹೊಲಿದಳು, ಈ ಸಲ ಗಟ್ಟಿಯಾಗಿ ಮಾತಾಡುತ್ತಾ. ಪ್ಲೇ ಮಾಡಿದರೆ ಅದೇ ಕಟಕಟ. ಮೂರನೇ ಸಲ ಕಿರುಚಿಯೇಬಿಟ್ಟಳು. ಪಕ್ಕದ ಬೀದಿಯಲ್ಲಿ ಯಾರೋ ಯಾರನ್ನೋ ಕರೆದಂತೆ ಕೇಳಿತು, ಅಷ್ಟೇ.

“ನಿಂಗೆ ಮೈಕಲ್ಲಿ ಮಾತಾಡೋಕೇ ಬರಲ್ಲ, ಬಿಡು. ನೀನು ಕ್ಲಾಸಲ್ಲಿ ಅದೇನು ಪಾಠ ಮಾಡ್ತೀಯೋ,” ಎಂದು ಜಾಣಿ ಮೂಗು ಮುರಿದಳು.

ಕಿರುಚಿ ಕಿರುಚಿ ಚಿಕ್ಕಮ್ಮನಿಗೆ ಗಂಟಲು ಕಟ್ಟಿಹೋಗಿತ್ತು. ಬಿಸಿನೀರು ಕಾಯಿಸಲು ಅಡುಗೆಮನೆಗೆ ಎದ್ದುಹೋದಳು.

ತನ್ನ ಮೈಕಿನದೇನೂ ತಪ್ಪಿಲ್ಲ ಎಂದು ತೋರಿಸಿಯೇಬಿಡುವ ಹುರುಪಿನಲ್ಲಿ ಜಾಣಿ ಹೆಡ್‌ಫೋನ್ ಹಾಕಿಕೊಂಡು ಮೊದಲ ವಿಡಿಯೋ ತೆರೆದು ಮೆನು ಕೆದಕಿದಳು. ‘ಆಡಿಯೋ ಟ್ರ್ಯಾಕ್’ ಎಂಬಲ್ಲಿ ಎರಡು ಸಾಲುಗಳಿದ್ದವು. ಟಿಕ್ ಇದ್ದದ್ದು ಒಂದನೆಯದಕ್ಕೆ. ಅವಳು ಎರಡನೆಯದನ್ನು ಒತ್ತಿದಳು.

ಚಿಕ್ಕಮ್ಮನ ದನಿ ಬಂತು. ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿತ್ತು.

ಜಾಣಿಯ ಕಿವಿ ಬಿಸಿಯಾಯಿತು. ಕ್ಯಾಮೆರಾಕ್ಕೆ ಕೇಳಿದ ಸದ್ದು ಒಂದು ಟ್ರ್ಯಾಕಿಗೆ, ಕೊರಳ ಮೈಕಿನದು ಇನ್ನೊಂದಕ್ಕೆ ಹೋಗಲಿ ಎಂದು ಸೆಟ್ಟಿಂಗ್ ಬದಲಿಸಿದ್ದವಳು ಅವಳೇ. ಪ್ಲೇಯರ್ ಮೊದಲನೆಯದನ್ನು ಮಾತ್ರ ಕೇಳಿಸುತ್ತಿತ್ತು.

ಮೂರನೇ ವಿಡಿಯೋ ತೆರೆದು ಅದರಲ್ಲೂ ಎರಡನೇ ಟ್ರ್ಯಾಕ್ ಒತ್ತಿದಳು. ಆ ಸಲ ಅವಳು ರೆಕಾರ್ಡ್ ಒತ್ತಿ, ಕಿಟಕಿ ಮುಚ್ಚಲು ಆಚೆ ಕೋಣೆಗೆ ಹೋಗಿದ್ದಳು. ಚಿಕ್ಕಮ್ಮ ಒಬ್ಬಳೇ ಪಿಸುಗುಟ್ಟುತ್ತಿದ್ದಳು: “ಅಂಚು ಒಳಗೆ ಮಡಚಿ... ಜೋರಾಗಿ ಹೇಳ್ಬೇಕು... ಅಂಚು ಒಳಗೆ ಮಡಚಿ... ಪಾಪ, ಮಗು ನನಗೋಸ್ಕರ ಎಷ್ಟು ಹೊತ್ತಿಂದ ಒದ್ದಾಡ್ತಿದೆ.”

ಜಾಣಿ ಅದನ್ನು ನಿಲ್ಲಿಸಿದಳು. ಆಮೇಲೆ ಮೊದಲ ವಿಡಿಯೋದ ಎರಡೂ ಟ್ರ್ಯಾಕ್ ಸೇರಿಸಿ ಒಂದು ಮಾಡಿದಳು. ಯಂತ್ರದ ಸದ್ದು ತಗ್ಗಿಸಿದಳು.

ಚಿಕ್ಕಮ್ಮ ಲೋಟ ಹಿಡಿದು ಬಂದಳು. ಇನ್ನೊಂದು ಸಲ ಮಾಡೋಣವೇ ಎಂದು ಕೇಳಲು ಹೋದರೆ ದನಿಯೇ ಹೊರಡಲಿಲ್ಲ; ಯಂತ್ರದ ಕಡೆ ಕೈ ತೋರಿಸಿದಳು.

“ಬೇಡ ಚಿಕ್ಕಮ್ಮ. ನೀನು ಮೊದಲ್ನೇ ಸಲಾನೇ ಸರಿಯಾಗಿ ಹೇಳಿದ್ದೆ. ನಾನೇ ಸರಿಯಾಗಿ ಕೇಳಿರ್ಲಿಲ್ಲ.”

ಜಾಣಿ ಹೆಡ್‌ಫೋನ್ ತೆಗೆದು ಚಿಕ್ಕಮ್ಮನ ಕಿವಿಗೆ ಹಾಕಿದಳು. ತನ್ನ ದನಿ ಕೇಳುತ್ತಿದ್ದಂತೆ ಚಿಕ್ಕಮ್ಮನ ಮುಖ ಅರಳಿತು. ಆ ಮುಖವನ್ನು ನೇರವಾಗಿ ನೋಡಲು ಜಾಣಿಗೆ ಆಗಲಿಲ್ಲ. ಬಿಚ್ಚಿ ಬಿಚ್ಚಿ ಹೊಲಿದ ಜೇಬಿನ ದಾರದ ತುಂಡುಗಳು ನೆಲದ ತುಂಬ ಬಿದ್ದಿದ್ದವು. ಅವಳು ಬಗ್ಗಿ ಅವನ್ನು ಒಂದೊಂದಾಗಿ ಹೆಕ್ಕತೊಡಗಿದಳು.