ಮಾವಿನ ಮರದ ನಕ್ಷತ್ರ

ವಜೀರ ಮೀರ್ ರುಕ್ನುದ್ದೀನನಿಗೆ ಒಂದು ಪುಟ್ಟ ಅಭ್ಯಾಸವಿತ್ತು. ಸರದಾರನಾಗಲಿ ಸುಣ್ಣ ಬಳಿಯುವವನಾಗಲಿ, ಯಾರೇ ತನ್ನ ಬಳಿಗೆ ಬರಲಿ, ಬಂದ ಕಾರ್ಯವನ್ನು ವಿಚಾರಿಸುವ ಮೊದಲು ಅವನು ಅವರ ಮಕ್ಕಳ ಹೆಸರನ್ನು ಕೇಳುತ್ತಿದ್ದನು. ಕೇಳಿ, ಕಣ್ಣನ್ನು ಅರೆಮುಚ್ಚಿ, ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಳ್ಳುತ್ತಿದ್ದನು. ಹಾಗೆ ಹೇಳಿಕೊಂಡ ಹೆಸರನ್ನು ಅವನು ಮರೆತದ್ದಿಲ್ಲ. ಜಲಾಲದುರ್ಗದ ಜನ ಬಹಳ ಕಾಲ ಇದನ್ನು ವಾತ್ಸಲ್ಯವೆಂದೇ ತಿಳಿದಿದ್ದರು.

ಭೀಮಾನದಿಯ ದಂಡೆಯ ಮೇಲೆ ಕರಿಕಲ್ಲಿನ ಕೋಟೆಯನ್ನುಟ್ಟು ಕುಳಿತಿದ್ದ ಆ ರಾಜಧಾನಿಯ ವೈಭವಕ್ಕೆ ಆಗ ಎಣೆಯಿರಲಿಲ್ಲ. ಬೆಳಗಾದರೆ ಅರಬ್ಬೀ ಕುದುರೆಗಳ ಹೇಷಾರವ, ಅತ್ತರಿನ ಅಂಗಡಿಗಳ ಪರಿಮಳ, ನದಿಗಿಳಿಯುವ ಪಟ್ಟದಾನೆಗಳ ಘಂಟಾನಾದ. ಹೆಬ್ಬಾಗಿಲ ನೆತ್ತಿಯ ಮೇಲೆ ಹಿಂದಿನ ವರ್ಷದ ಬಂಡಾಯಗಾರರ ತಲೆಗಳು ಒಣಗುತ್ತಿದ್ದವು. ಕೆಳಗೆ ಅವುಗಳ ನೆರಳಿನಲ್ಲಿಯೇ ಹೂವಾಡಗಿತ್ತಿಯೊಬ್ಬಳು ಕುಳಿತು ಮಲ್ಲಿಗೆ ಕಟ್ಟುತ್ತಿದ್ದಳು. ಇವೆಲ್ಲಕ್ಕೂ ಮೇಲೆ, ಹೊಸ ಜಾಮಿಯಾ ಮಸೀದಿಯ ಗುಮ್ಮಟವು ಆಗತಾನೆ ಗಾರೆ ಆರಿ ಬೆಳ್ಳಗೆ ಹೊಳೆಯುತ್ತಿತ್ತು.

ಆ ಮಸೀದಿಯನ್ನು ಕಟ್ಟಿಸಿದವನು ಹತ್ತೊಂಬತ್ತರ ಪ್ರಾಯದ ಸುಲ್ತಾನ ದಾನಿಯಾಲ. ಸಿಂಹಾಸನವೇರಿದವರು ನಮಾಜಿನ ಹೊತ್ತಿನಲ್ಲಿಯೇ ಇರಿತಕ್ಕೆ ಸಿಕ್ಕಿದ ಕತೆಗಳನ್ನು ಕೇಳಿ ಬೆಳೆದಿದ್ದ ಅವನು, ತಾನು ಪ್ರಾರ್ಥಿಸುವ ಸ್ಥಳದ ಸುತ್ತ ಮರದ ಜಾಲಂದರದ ಆವರಣವೊಂದನ್ನು ಕಟ್ಟಬೇಕೆಂದು ಆಜ್ಞಾಪಿಸಿದನು. ಅದಕ್ಕೆ ಮಕ್ಸೂರಾ ಎಂದು ಹೆಸರು. ಕಟ್ಟುವ ಕೆಲಸವು ಬಡಗಿ ಬೈಚೋಜನಿಗೆ ಬಂದಿತು.

ಬೈಚೋಜನು ಗರ್ವಿಷ್ಠ. ಮಸೀದಿಯ ಕಲ್ಲಿನ ಕಮಾನುಗಳನ್ನೂ ಗಾರೆಯ ನಕ್ಷತ್ರಗಳನ್ನೂ ದಿನಗಟ್ಟಲೆ ನೋಡಿ, "ಕಲ್ಲಿನಲ್ಲಿ ನಿಂತದ್ದನ್ನು ಮರದಲ್ಲಿ ಉಸಿರಾಡಿಸುತ್ತೇನೆ" ಎಂದವನು, ಅಂದಂತೆಯೇ ಮಾಡಿದವನು. ಆವರಣದ ಮೇಲಂಚಿನಲ್ಲಿ ಗೇಣುದ್ದದ ಮಿನಾರುಗಳು, ಅವುಗಳ ನಡುವೆ ಕಮಲದ ಎಸಳಿನಿಂದ ಅರಳಿದ ಮುಷ್ಟಿಗಾತ್ರದ ಗುಮ್ಮಟಗಳು, ಕೆಳಗೆಲ್ಲ ನಕ್ಷತ್ರ, ನಕ್ಷತ್ರ. ಒಂದು ಮೊಳೆಯಿಲ್ಲ, ತೊಟ್ಟು ಸರೇಸಿನ ಅಂಟಿಲ್ಲ. ಒಂದು ತುಂಡಿನ ಅಂಚಿನ ನಾಲಗೆ ಮತ್ತೊಂದರ ಅಂಚಿಗೆ ಕೊರೆದ ತೋಡಿನಲ್ಲಿ ಕುಳಿತು, ಸಾವಿರ ತೇಗದ ಚೂರುಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಮಳೆಗಾಲದಲ್ಲಿ ಮರ ಉಬ್ಬಿ ಸೀಳಬಾರದೆಂದು ಪ್ರತಿಯೊಂದು ಸಂದಿನಲ್ಲಿಯೂ ಕೂದಲೆಳೆಯಷ್ಟು ಎಡೆ ಬಿಡುವುದು ಅವನ ಮನೆತನದ ಪದ್ಧತಿ.

ಕೆಲಸ ಹಿಡಿದ ದಿನವೇ ವಜೀರನು ಕೇಳಿದ್ದನು: "ಮಕ್ಕಳೆಷ್ಟು, ಓಜರೇ?"

"ಒಬ್ಬಳೇ ಮಗಳು, ಖಾವಂದ. ತಾಯಿಯಿಲ್ಲದ ಕೂಸು. ಚಂದವ್ವ ಅಂತ."

ವಾರ ಕಳೆಯುವಷ್ಟರಲ್ಲಿ ಬಡಗಿಯ ಗುಡಿಸಲಿನ ಮುಂದೆ ಮೇನೆಯೊಂದು ಬಂದು ನಿಂತಿತು. ವಜೀರನ ಬೇಗಂ ಸಾಹೇಬರು ಹುಡುಗಿಗೆ ಕಸೂತಿ ಕಲಿಸುವರಂತೆ. ಓಣಿಯವರೆಲ್ಲ ಚಂದವ್ವನ ಪುಣ್ಯವನ್ನು ಹೊಗಳಿದರು. ಬೈಚೋಜನೂ ಮೀಸೆಯ ಮೇಲೆ ಕೈಯಾಡಿಸಿದನು.

ವೈಶಾಖದ ಉರಿಬಿಸಿಲಿನಲ್ಲಿ ವಜೀರನು ಅವನನ್ನು ಏಕಾಂತಕ್ಕೆ ಕರೆಸಿ, ಮೃದುವಾದ ದನಿಯಲ್ಲಿ ತನ್ನ ಬಯಕೆಯನ್ನು ತಿಳಿಸಿದನು. ಆವರಣದ ಬಲಮಗ್ಗುಲಲ್ಲಿ, ಸುಲ್ತಾನರು ಸಜ್ದಾ ಮಾಡಿ ಹಣೆಯನ್ನು ನೆಲಕ್ಕೆ ತಾಗಿಸಿದಾಗ ಕತ್ತು ಬರುವ ಎತ್ತರದಲ್ಲಿ, ಹೊರಗಿನಿಂದ ಒತ್ತಿದರೆ ಸದ್ದಿಲ್ಲದೆ ಕಳಚಿಕೊಳ್ಳುವ ನಕ್ಷತ್ರವೊಂದು ಬೇಕು. ಬಕ್ರೀದಿನ ದಿನ, ಎಲ್ಲರ ಹಣೆಯೂ ನೆಲದ ಮೇಲಿರುವ ಆ ಒಂದು ಗಳಿಗೆಯಲ್ಲಿ, ನೋಡುವ ಕಣ್ಣು ಯಾವುದೂ ಇರುವುದಿಲ್ಲ.

ಬೈಚೋಜನು ಕೈಮುಗಿದನು. "ಖಾವಂದ, ನಾನು ಅವರ ಅನ್ನ ಉಂಡವನು."

"ಚಂದವ್ವ ನಮ್ಮ ಅನ್ನ ಉಣ್ಣುತ್ತಿದ್ದಾಳಲ್ಲ, ಓಜರೇ," ಎಂದು ವಜೀರನು ನಕ್ಕನು. "ಪಾಪ, ಸೂಜಿ ಹಿಡಿಯುವ ಬೆರಳುಗಳು ಎಷ್ಟು ಚೆಲುವಾಗಿವೆ! ಅವುಗಳಲ್ಲಿ ಒಂದನ್ನು ನಿಮಗೆ ಕಳುಹಿಸಿಕೊಡುವ ಪ್ರಸಂಗ ನನಗೆ ಬಾರದಿರಲಿ."

ಮಗಳನ್ನು ನೋಡಲು ಅನುಮತಿ ಸಿಕ್ಕಿತು. ಚಂದವ್ವ ಜರಿಯಂಚಿನ ಲಂಗ ತೊಟ್ಟು, ಪರದೆಯ ಮಗ್ಗುಲಲ್ಲಿ ನಿಂತಿದ್ದಳು.

"ನೋಡಪ್ಪಾ, ಹೇಗೆ ದಪ್ಪಗಾಗಿದ್ದೇನೆ! ದಿನಾ ಹಲ್ವ. ಬೇಗಂ ಸಾಹೇಬರು ನನ್ನನ್ನು ಬೋಂಡಾ ಅಂತಾರೆ." ಆಮೇಲೆ ದನಿ ತಗ್ಗಿಸಿ, "ಹೊಸಿಲು ಮಾತ್ರ ದಾಟಬಾರದಂತೆ. ಯಾಕಪ್ಪಾ? ನೀನು ಏನಾದರೂ ಕೆಡಿಸಿದ್ದೀಯಾ?"

"ಇಲ್ಲ ಕೂಸೇ. ಕೆಲಸ ಮುಗಿಯಲಿ, ಕರಕೊಂಡು ಹೋಗುತ್ತೇನೆ."

"ನೀನು ಕೆಲಸ ಬೇಗ ಮುಗಿಸಿದ್ದು ಯಾವಾಗ!" ಎಂದು ಅವಳು ನಕ್ಕಳು, ನಗು ತುದಿಗೆ ಬರುವಷ್ಟರಲ್ಲಿ ಕಣ್ಣು ತುಂಬಿತ್ತು.

ಬೈಚೋಜನು ಆ ನಕ್ಷತ್ರವನ್ನು ಕೆತ್ತಿದನು. ಆದರೆ ತೇಗದಲ್ಲಿ ಅಲ್ಲ. ನೀರು ಸೋಕಿದರೆ ಉಬ್ಬುವ ಮಾವಿನ ಹಲಗೆಯನ್ನು ಆರಿಸಿ, ಕಾಡಿಗೆ ಬೆರೆಸಿದ ಎಣ್ಣೆ ತಿಕ್ಕಿ ತೇಗದ ಬಣ್ಣ ಬರಿಸಿ, ಅದರ ಸುತ್ತ ಮಾತ್ರ ಎಡೆ ಬಿಡದೆ ಕೂರಿಸಿದನು. ವಜೀರನ ಆಳು ಬಿಸಿಲಿನಲ್ಲಿ ಬಂದು ಒತ್ತಿ ನೋಡಿದನು; ನಕ್ಷತ್ರ ಬೆಣ್ಣೆಯಂತೆ ಜಾರಿ ಕೈಗೆ ಬಂದಿತು. ಬಕ್ರೀದು ಬರುವುದು ಮೃಗಶಿರಾ ಮಳೆಯ ಅನಂತರ. ಮಳೆಯ ತೇವ ಕುಡಿದ ಮಾವು ಒಳಗೇ ಬಿಗಿದು ಕೂರುತ್ತದೆ. ಕೊಲೆಗಾರ ಒತ್ತಿದರೂ ಕದಲುವುದಿಲ್ಲ. ತಪ್ಪು ಮರದ್ದು, ತನ್ನದಲ್ಲ. ದೊರೆಯೂ ಉಳಿದು ಮಗಳೂ ಉಳಿಯುವ ಹಾದಿ ಅವನಿಗೆ ಅದೊಂದೇ ಕಂಡಿತ್ತು.

ಆದರೆ ಆ ವರ್ಷ ಮಳೆ ಬರಲಿಲ್ಲ. ಮೃಗಶಿರಾ ಒಣಗಿಯೇ ಹೋಯಿತು. ಹಬ್ಬದ ಹಿಂದಿನ ದಿನವೂ ಆಕಾಶ ಕಾದ ಹಂಚಿನಂತಿತ್ತು.

ಅಂದು ಅಪರಾಹ್ನ ಬೈಚೋಜನು ಧೂಳು ಒರೆಸುವ ನೆಪದಿಂದ ಮಸೀದಿಯನ್ನು ಹೊಕ್ಕು, ಅಂಗಳದ ಕೊಳವಾದ ಹೌಜಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ನಕ್ಷತ್ರಕ್ಕೆ ಒತ್ತಿ ಹಿಡಿದು ಕುಳಿತನು. ಬಟ್ಟೆ ಆರಿದಂತೆಲ್ಲ ಮತ್ತೆ ಅದ್ದಿದನು.

ಪಹರೆಯವನು ಈಟಿಯೂರಿ ನಿಂತು ನೋಡಿದನು. "ಏನು ಓಜಪ್ಪ, ಮರಕ್ಕೆ ಸ್ನಾನ ಮಾಡಿಸ್ತಿದ್ದೀಯಾ?"

"ಹಬ್ಬ ಅಲ್ಲವೇ ಸರದಾರ. ನಿನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಸ್ನಾನ."

ಪಹರೆಯವನು ಗಹಗಹಿಸಿ ನಕ್ಕು ಮುಂದೆ ಹೋದನು. ಬೈಚೋಜನು ಬಟ್ಟೆಯನ್ನು ಹಿಂಡದೆ ಮತ್ತೆ ನಕ್ಷತ್ರಕ್ಕೆ ಒತ್ತಿದನು.

ಮರುದಿನ ಬೆಳಿಗ್ಗೆ ಸಹಸ್ರ ಜನರ ಹಣೆಗಳು ಏಕಕಾಲಕ್ಕೆ ನೆಲವನ್ನು ಮುಟ್ಟಿದವು. ಸುಲ್ತಾನನ ಕಿವಿಯ ಬಳಿ ಉಗುರು ಕೆರೆದಂಥ ಸದ್ದು. ಎಲ್ಲರೂ ತಲೆಯೆತ್ತಿದಾಗ ಒಬ್ಬನ ಕೈ ಮಾತ್ರ ಇನ್ನೂ ಜಾಲಂದರದ ಮೇಲಿತ್ತು. ಅಂಗಿಯ ತೋಳಿನೊಳಗಿನಿಂದ ಕಠಾರಿ ಇಣುಕುತ್ತಿತ್ತು. ಭಟರು ಅವನ ಮೇಲೆ ಬೀಳುವ ಮೊದಲೇ ವಜೀರನು ತಾನೇ ಮುನ್ನುಗ್ಗಿ, ಅವನ ಕೈಯಿಂದ ಕಠಾರಿಯನ್ನು ಕಿತ್ತುಕೊಂಡು ಅವನ ಗಂಟಲನ್ನು ಕೊಯ್ದನು.

"ಯಾರೋ ಹುಚ್ಚ, ಜಹಾಂಪನಾ," ಎಂದನು ವಜೀರನು, ರಕ್ತವನ್ನು ಜಮಖಾನೆಗೆ ಒರೆಸುತ್ತ. "ಅಲ್ಲಾಹನು ತಮ್ಮನ್ನು ಕಾಪಾಡಿದನು."

ದಾನಿಯಾಲನು ಎಳೆಯನಾದರೂ ದಡ್ಡನಲ್ಲ. "ಹುಚ್ಚನು ಇಷ್ಟೊಂದು ನಕ್ಷತ್ರಗಳಲ್ಲಿ ಇದೊಂದನ್ನೇ ಏಕೆ ಒತ್ತಿದನು? ಕಟ್ಟಿದವನನ್ನು ಕರೆಯಿರಿ."

ಬೈಚೋಜನನ್ನು ಎಳೆತಂದು ಹೆಣದ ಪಕ್ಕದಲ್ಲಿ ನಿಲ್ಲಿಸಿದರು. ವಜೀರನು ಕನಿಕರದಿಂದಲೆಂಬಂತೆ ಅವನ ಭುಜದ ಮೇಲೆ ಕೈಯಿಟ್ಟನು. "ಹೆದರಬೇಡಿ, ಓಜರೇ. ಚಂದವ್ವ ಕ್ಷೇಮವಾಗಿದ್ದಾಳೆ. ಬರುವಾಗ ನೋಡಿಯೇ ಬಂದೆ."

ಬೈಚೋಜನು ಸುಮ್ಮನಿರಬಹುದಾಗಿತ್ತು. ಸುಮ್ಮನಿದ್ದರೆ ಮಗಳು ಅಂದು ಉಳಿಯುತ್ತಿದ್ದಳು, ವಜೀರನೂ ಉಳಿಯುತ್ತಿದ್ದನು, ಮುಂದಿನ ಕಠಾರಿಗೆ ಯಾವ ಮಾವಿನ ಹಲಗೆಯೂ ಅಡ್ಡ ಬರುತ್ತಿರಲಿಲ್ಲ. ಅವನು ಸೊಂಟದಿಂದ ಉಳಿ, ಕೊಡತಿ ತೆಗೆದು, ಉಳಿಯನ್ನು ನಕ್ಷತ್ರದ ನಡುವಿಗೆ ಇಟ್ಟು, ಕೊಡತಿಯಿಂದ ಒಂದೇ ಪೆಟ್ಟು ಹಾಕಿದನು. ತೇಗದ ಬಣ್ಣದ ಕೆಳಗೆ ಮಾವಿನ ಒದ್ದೆ ಬಿಳುಪು ಬಾಯಿಬಿಟ್ಟಿತು.

"ಇದು ಕಳಚುವಂತೆ ಮಾಡಿದವನೂ ನಾನೇ, ಕಳಚದಂತೆ ಮಾಡಿದವನೂ ನಾನೇ, ಖಾವಂದ. ಮಾಡಿಸಿದವರ ಕೈ ನನ್ನ ಭುಜದ ಮೇಲಿದೆ. ನನ್ನ ಮಗಳು ಅವರ ಮನೆಯಲ್ಲಿದ್ದಾಳೆ."

ಭುಜದ ಮೇಲಿದ್ದ ಕೈ ಮೆಲ್ಲಗೆ ಸರಿಯಿತು. ಭಟರು ವಜೀರನನ್ನು ಬಂಧಿಸಿದರು. ಅವನು ಪ್ರತಿಭಟಿಸಲಿಲ್ಲ, ಬಡಗಿಯನ್ನು ನೋಡಿ ತಲೆಯಾಡಿಸಿದನಷ್ಟೆ.

"ನಿನ್ನಂಥ ನಿಷ್ಠಾವಂತನು ನನ್ನ ಆಸ್ಥಾನದಲ್ಲಿ ಇನ್ನೊಬ್ಬನಿಲ್ಲ," ಎಂದು ಸುಲ್ತಾನನು ತನ್ನ ಶಾಲನ್ನು ತೆಗೆದು ಬೈಚೋಜನಿಗೆ ಹೊದಿಸಿದನು. ಅದರ ಅಂಚು ರಕ್ತದಲ್ಲಿ ನೆನೆದಿತ್ತು.

ಕುದುರೆ ಸವಾರರು ವಜೀರನ ಹವೇಲಿಗೆ ಧಾವಿಸಿದರು. ಆದರೆ ಅಲ್ಲಿಗೆ ಸುದ್ದಿ ಅವರಿಗಿಂತ ಮೊದಲು ಮುಟ್ಟಿತ್ತು. ಬಾಗಿಲುಗಳು ಮುಚ್ಚಿದ್ದವು, ಮೇಲ್ಮಾಳಿಗೆಯ ಮೇಲೆ ವಜೀರನ ಮಗ ನಿಂತಿದ್ದನು, ಅವನ ಮುಂದೆ ಜರಿಯಂಚಿನ ಲಂಗದ ಹುಡುಗಿ. "ಮಧ್ಯಾಹ್ನದ ನಮಾಜು ಮುಗಿಯುವುದರೊಳಗೆ ತಂದೆಯನ್ನು ಜೀವಸಹಿತ ಈ ಬಾಗಿಲಿಗೆ ತಂದರೆ ಹುಡುಗಿಯನ್ನು ಮೆಟ್ಟಿಲಿಳಿಸಿ ಕಳುಹಿಸುತ್ತೇನೆ. ಇಲ್ಲವಾದರೆ ಮೆಟ್ಟಿಲಿಲ್ಲದೆ ಕಳುಹಿಸುತ್ತೇನೆ" ಎಂದು ಕೂಗಿ ಹೇಳಿದನು.

ಸವಾರನು ಬಂದು ಇದನ್ನು ಅರುಹಿದಾಗ ಸುಲ್ತಾನನು ಮಸೀದಿಯ ಅಂಗಳದಲ್ಲಿದ್ದನು. ಒಂದು ಕಡೆ ಸಂಕೋಲೆ ತೊಟ್ಟ ವಜೀರ, ಬಿಟ್ಟರೆ ಅವನ ಬೆನ್ನಿಗೆ ನಿಲ್ಲುವ ಅರ್ಧ ಸೈನ್ಯ. ಇನ್ನೊಂದು ಕಡೆ ಶಾಲು ಹೊದ್ದ ಬಡಗಿ. ಬೈಚೋಜನು ಕಾಲಿಗೆ ಬಿದ್ದನು.

"ಖಾವಂದ, ಅವನನ್ನು ಬಿಟ್ಟುಕೊಡಿ. ನಾಳೆ ಮತ್ತೆ ಹಿಡಿಯಬಹುದು. ಕೂಸನ್ನು ನಾಳೆ ಹಿಡಿಯಲಾಗದು."

ದಾನಿಯಾಲನು ಅವನ ತಲೆಯ ಮೇಲಿನ ನರೆಗೂದಲನ್ನು ನೋಡಿದನು. ಅಷ್ಟರಲ್ಲಿ ಮಿನಾರಿನ ಮೇಲಿನಿಂದ ಮಧ್ಯಾಹ್ನದ ಬಾಂಗು ಕೇಳಿಸಿತು. ಸುಲ್ತಾನನು ಕಾಲನ್ನು ಮೆಲ್ಲನೆ ಬಿಡಿಸಿಕೊಂಡು, ಹೌಜಿನಲ್ಲಿ ಕೈಕಾಲು ತೊಳೆದು, ಆವರಣದೊಳಕ್ಕೆ ಹೋಗಿ ಬಾಗಿಲಿಕ್ಕಿಕೊಂಡು, ಪಶ್ಚಿಮಕ್ಕೆ ಮುಖ ಮಾಡಿ ಕೈಗಳನ್ನು ಕಿವಿಯವರೆಗೆ ಎತ್ತಿದನು.

ಬೈಚೋಜನು ತಾನೇ ಒಡೆದ ನಕ್ಷತ್ರದ ತೂತಿನ ಮುಂದೆ ಮೊಣಕಾಲೂರಿ, ಬಾಯಿಯನ್ನು ಮರಕ್ಕೆ ತಾಗಿಸಿದನು.

"ಖಾವಂದ, ಒಂದು ಮಾತು. ಹೂಂ ಅನ್ನಬೇಡಿ, ತಲೆಯಾಡಿಸಿದರೆ ಸಾಕು, ಸವಾರರು ಹೊರಟಾರು."

ನಮಾಜಿನಲ್ಲಿ ನಿಂತವನು ಮಾತನಾಡುವಂತಿಲ್ಲ. ನಮಾಜು ಮುಗಿದರೆ ಹವೇಲಿಯ ಗಡುವೂ ಮುಗಿದಂತೆ.

"ಖಾವಂದ, ಬಿಟ್ಟುಕೊಡುತ್ತೀರಾ?"

ಸುಲ್ತಾನನು ಬಾಗಿ, ಹಣೆಯನ್ನು ನೆಲಕ್ಕೆ ಇಟ್ಟನು.